ಅಂಗಾಂಗ ತೆಗೆಯುವಾಗ ಮಿದುಳಿನ ಮೇಲೆ ಕಣ್ಣಿಟ್ಟಿರುತ್ತಾರಾ?

ಪ್ರಶ್ನೆ: ಹೊಸೂರು ರಸ್ತೆಯಲ್ಲಿ ನನ್ನ ತಮ್ಮನಿಗೆ ಬೈಕ್ ಅಪಘಾತವಾಯಿತು. ತಲೆಗೆ ಜೋರು ಪೆಟ್ಟು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ ಬ್ರೈನ್ ಡೆಡ್ ಅಂದರು. ನಾವು ಅಂಗಾಂಗ ದಾನಕ್ಕೆ ಒಪ್ಪಿದೆವು. ಅವನನ್ನು ಥಿಯೇಟರ್‌ಗೆ ಕರೆದುಕೊಂಡು ಹೋಗುವ ಮುಂಚೆ ನಾನು ಕೈ ಹಿಡಿದಿದ್ದೆ. ಬೆರಳು ಅಲುಗಾಡಿತು. ಅದು ಏನೂ ಅಲ್ಲ ಎಂದು ನರ್ಸ್ ಹೇಳಿದರು. ಈಗ ಸಂಬಂಧಿಕರೊಬ್ಬರು, ವಿದೇಶದಲ್ಲಿ ಅಂಗ ತೆಗೆಯುವಾಗ ತಲೆಗೆ ವೈರ್ ಹಾಕಿ ಮಿದುಳು ಕೆಲಸ ಮಾಡುತ್ತಿದೆಯಾ ಎಂದು ನೋಡುತ್ತಲೇ ಇರುತ್ತಾರೆ, ಇಲ್ಲಿ ಹಾಗೆ ಮಾಡಿದರಾ ಎಂದು ಕೇಳುತ್ತಿದ್ದಾರೆ. ಅವನಿಗೆ ಅರಿವಳಿಕೆ ಕೊಟ್ಟಿದ್ದರಾ? ನೋವಾಯಿತಾ? ಅಮ್ಮ ರಾತ್ರಿ ಎದ್ದು ಕೂತು ಇದನ್ನೇ ಕೇಳುತ್ತಾರೆ. ನಾವು ಆತುರಪಟ್ಟೆವಾ?
(ಓದುಗರು, ಬೊಮ್ಮನಹಳ್ಳಿ)

ಉತ್ತರ: ಮೊದಲು ಅಮ್ಮನಿಗೆ ಹೇಳಬೇಕಾದದ್ದು. ನಿಯಮದಲ್ಲಿರುವ ಪರೀಕ್ಷೆಗಳನ್ನು ಸರಿಯಾಗಿ ಮಾಡಿ, ನಾಲ್ಕು ಜನ ಡಾಕ್ಟರು ಸಹಿ ಹಾಕಿದ್ದರೆ, ನಿಮ್ಮ ತಮ್ಮನಿಗೆ ನೋವಾಗಿಲ್ಲ. ನೋವು ತಿಳಿಯುವ ಜಾಗವೇ ಆಗ ಉಳಿದಿರಲಿಲ್ಲ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ಐಸಿಯುವಿನಲ್ಲೂ ಥಿಯೇಟರ್‌ನಲ್ಲೂ ಇದೇ ಕೆಲಸ ಮಾಡುವ ಅರಿವಳಿಕೆ ವೈದ್ಯನಾಗಿ ಹೇಳುತ್ತಿದ್ದೇನೆ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ನಿಮ್ಮ ಸಂಬಂಧಿಕರು ಕೇಳಿದ್ದೂ ಸುಳ್ಳಲ್ಲ. ಆದರೆ ಅದು ಬೇರೆ ರೀತಿಯ ದಾನಕ್ಕೆ ಸೇರಿದ ವಿಷಯ, ಅಲ್ಲಿಗೂ ಬರುತ್ತೇನೆ.

ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆ ಗಟ್ಟಿ ಮೂಳೆ, ಅದು ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರುತ್ತಾ ಹೋಗಿ, ರಕ್ತದ ಒತ್ತಡವನ್ನೂ ಮೀರಿದರೆ ರಕ್ತ ಮಿದುಳಿನೊಳಗೆ ಹೋಗುವುದೇ ನಿಂತುಬಿಡುತ್ತದೆ. ಊದಿದ ಮಿದುಳು ಕೆಳಗೆ ಜಾರಿ, ಬೆನ್ನುಹುರಿ ಶುರುವಾಗುವ ಕಡೆ ಇರುವ ಮಿದುಳು ಕಾಂಡವನ್ನು ಹಿಸುಕುತ್ತದೆ. ಎಚ್ಚರವಾಗಿರುವುದು, ಉಸಿರಾಡುವುದು, ಕೆಮ್ಮುವುದು, ನುಂಗುವುದು ಎಲ್ಲಕ್ಕೂ ಬೇರು ಈ ಕಾಂಡದಲ್ಲಿದೆ. ಕೈಕಾಲಿನ ನೋವಿನ ಸುದ್ದಿ ಮೇಲಿನ ಮಿದುಳಿಗೆ ಹೋಗುವ ದಾರಿಯೂ ಇದರ ಮೂಲಕವೇ.

ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಹೃದಯಕ್ಕೆ ಮಿಡಿತ ಹುಟ್ಟಿಸುವ ಜಾಗ ಅದರೊಳಗೇ ಇದೆ, ಅದಕ್ಕೆ ಮಿದುಳಿನ ಅಪ್ಪಣೆ ಬೇಡ. ವೆಂಟಿಲೇಟರ್ ಆಮ್ಲಜನಕ ಕೊಡುತ್ತಿದ್ದರೆ ಸಾಕು. ನಮ್ಮ ಜನಕ್ಕೆ ಅತಿ ಕಷ್ಟವಾಗುವುದು ಇದೇ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗ, ಅವರ ಕುಟುಂಬ ಅಂಗಾಂಗ ದಾನ ಮಾಡಿತು. ಹೃದಯ ಬಡಿಯುತ್ತಿದೆಯಲ್ಲ, ಹೋದರು ಅಂತ ಹೇಗೆ ಹೇಳ್ತೀರಿ ಎಂದು ಆಗ ನನ್ನನ್ನು ಕೇಳಿದವರಲ್ಲಿ ಓದಿದವರೇ ಜಾಸ್ತಿ. ಕೈ ಬೆಚ್ಚಗಿರುತ್ತದೆ, ಎದೆ ಏರಿಳಿಯುತ್ತದೆ. ಕಣ್ಣಿಗೆ ಕಾಣುವುದನ್ನು ನಂಬಬೇಡಿ ಎಂದರೆ ಯಾರಿಗಾದರೂ ಕಷ್ಟವೇ.

ಹಾಗಾದರೆ ಡಾಕ್ಟರು ಏನನ್ನು ನಂಬುತ್ತಾರೆ? ನಮ್ಮ ದೇಶದಲ್ಲಿ ಇದಕ್ಕೆ 1994ರ ಅಂಗಾಂಗ ಕಸಿ ಕಾಯ್ದೆ ಇದೆ, 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಆಸ್ಪತ್ರೆಯ ಮುಖ್ಯಸ್ಥರ ಕಡೆಯ ಡಾಕ್ಟರ್, ಸರ್ಕಾರ ಒಪ್ಪಿದ ಪಟ್ಟಿಯಲ್ಲಿರುವ ಒಬ್ಬ ತಜ್ಞ, ನರರೋಗ ತಜ್ಞ ಅಥವಾ ನರ ಶಸ್ತ್ರಚಿಕಿತ್ಸಕ, ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್, ಹೀಗೆ ನಾಲ್ವರು ಸೇರಿ ಸಹಿ ಹಾಕಬೇಕು. ನರರೋಗ ತಜ್ಞರು ಸಿಗದ ಕಡೆ ಅರಿವಳಿಕೆ ತಜ್ಞ, ಐಸಿಯು ತಜ್ಞ ಇಂಥವರು ಆ ಜಾಗದಲ್ಲಿ ಇರಬಹುದು. ಕಸಿ ಮಾಡುವ ತಂಡದವರು ಯಾರೂ ಇದರಲ್ಲಿ ಇರುವ ಹಾಗಿಲ್ಲ. ಪರೀಕ್ಷೆ ಒಂದು ಸಲ ಅಲ್ಲ, ಎರಡು ಸಲ. ನಡುವೆ ಕಡಿಮೆ ಅಂದರೂ 6 ಗಂಟೆ ಅಂತರ ಇರಬೇಕು.

ಪರೀಕ್ಷೆಗಿಂತ ಮುಂಚಿನ ಹಂತವೇ ನನ್ನ ಪ್ರಕಾರ ಅತಿ ಮುಖ್ಯ. ಮಿದುಳಿಗೆ ಏನಾಗಿದೆ ಎನ್ನುವುದು ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣಬೇಕು. ಮೈ ತಣ್ಣಗಾಗಿರಬಾರದು. ಬಿಪಿ ಬಿದ್ದಿರಬಾರದು. ಸೋಡಿಯಂ, ಸಕ್ಕರೆ ಅಂಥವು ತೀರಾ ಏರುಪೇರಾಗಿರಬಾರದು. ತಲೆಪೆಟ್ಟಿನ ರೋಗಿಗೆ ಮಿಡಜೋಲಾಂ, ಫೆಂಟನಿಲ್ ಥರದ ಮತ್ತು ಬರಿಸುವ ಔಷಧಗಳನ್ನು ಕೊಟ್ಟಿರುತ್ತೇವೆ. ಅವು ಮೈಯಿಂದ ಪೂರ್ತಿ ಇಳಿದಿರಬೇಕು. ಕಿಡ್ನಿ, ಲಿವರ್ ಸರಿ ಇಲ್ಲದವರಲ್ಲಿ ಅದಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ಆತುರ ಮಾಡಬಾರದ ಜಾಗ ಎಂದರೆ ಇದು. ಇಲ್ಲಿ ಕಾದಿದ್ದರೆ ಮುಂದಿನದು ಗಟ್ಟಿಯಾಗಿ ನಿಲ್ಲುತ್ತದೆ.

ಆಮೇಲೆ ಕಾಂಡದ ಒಂದೊಂದು ಕೆಲಸವನ್ನೂ ಕೆದಕಿ ನೋಡುತ್ತಾರೆ. ಕಣ್ಣಿನ ಪಾಪೆಗೆ ಟಾರ್ಚ್ ಬಿಟ್ಟರೆ ಅದು ಕುಗ್ಗುತ್ತದಾ? ಕಣ್ಣಿನ ಕರಿಗುಡ್ಡೆಗೆ ಹತ್ತಿ ತಾಗಿಸಿದರೆ ರೆಪ್ಪೆ ಮಿಟುಕುತ್ತದಾ? ಹುಬ್ಬಿನ ಮೂಳೆಯನ್ನು ಬಲವಾಗಿ ಒತ್ತಿದರೆ ಮುಖ ಕಿವುಚುತ್ತದಾ? ಕಿವಿಯೊಳಗೆ ಸುಮಾರು 50 ಎಂಎಲ್ ಐಸ್ ನೀರು ಬಿಟ್ಟರೆ ಕಣ್ಣುಗುಡ್ಡೆ ಸರಿಯುತ್ತದಾ? ಬದುಕಿರುವ ಮಿದುಳಾದರೆ, ಆಳವಾದ ಕೋಮಾದಲ್ಲೂ ಈ ಐಸ್ ನೀರಿಗೆ ಕಣ್ಣು ಒಂದಿಷ್ಟಾದರೂ ಹೊರಳುವುದು ಸಾಮಾನ್ಯ. ಗಂಟಲ ಕೊಳವೆಯೊಳಗೆ ತೆಳು ಪೈಪ್ ಇಳಿಸಿದರೆ ಕೆಮ್ಮು ಬರುತ್ತದಾ?

ಕೊನೆಯದು ಉಸಿರಿನ ಪರೀಕ್ಷೆ, ಅಪ್ನಿಯಾ ಟೆಸ್ಟ್. ಹತ್ತು ನಿಮಿಷ ಪೂರ್ತಿ ಆಮ್ಲಜನಕ ಕೊಟ್ಟು, ರಕ್ತದ ಸ್ಯಾಂಪಲ್ ತೆಗೆದು, ವೆಂಟಿಲೇಟರ್ ಬಿಚ್ಚುತ್ತಾರೆ. ಕೊಳವೆಯೊಳಗೆ ಸಣ್ಣ ನಳಿಕೆಯಿಂದ ಆಮ್ಲಜನಕ ಹರಿಯುತ್ತಿರುತ್ತದೆ, ಅಂಗಗಳಿಗೆ ಕೊರತೆಯಾಗಬಾರದಲ್ಲ. ಎದೆ, ಹೊಟ್ಟೆಯ ಮೇಲಿನ ಹೊದಿಕೆ ತೆಗೆದಿರುತ್ತಾರೆ. ಹಾಸಿಗೆಯ ಸುತ್ತ ನಿಂತವರೆಲ್ಲ ಆ ಎದೆಯನ್ನೇ ನೋಡುತ್ತಿರುತ್ತಾರೆ, ಎಂಟರಿಂದ ಹತ್ತು ನಿಮಿಷ. ಆ ಹೊತ್ತಿಗೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಕಾಂಡದಲ್ಲಿ ಒಂದು ಚೂರು ಜೀವ ಉಳಿದಿದ್ದರೂ ಆ ಏರಿಕೆ ಅದನ್ನು ಎಬ್ಬಿಸಿ ಒಂದು ಉಸಿರನ್ನಾದರೂ ಎಳೆಸಬೇಕು. ಮತ್ತೆ ರಕ್ತ ತೆಗೆದು ನೋಡಿದಾಗ ಮಟ್ಟ 60 ಮುಟ್ಟಿರಬೇಕು, ಅಥವಾ ಮೊದಲಿದ್ದಕ್ಕಿಂತ 20 ಜಾಸ್ತಿ ಆಗಿರಬೇಕು. ಅಷ್ಟಾದರೂ ಎದೆ ಅಲುಗಲಿಲ್ಲ ಎಂದರೆ ಉಸಿರಿನ ಕೇಂದ್ರ ಹೋಗಿದೆ. ಒಂದು ಸಣ್ಣ ಉಸಿರು ಬಂದರೂ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಆಗ ಬ್ರೈನ್ ಡೆಡ್ ಎನ್ನುವ ಮಾತೇ ಇಲ್ಲ.

ಮನೆಯವರು ಬಯಸಿದರೆ ಈ ಪರೀಕ್ಷೆಯನ್ನು ಅವರ ಕಣ್ಣೆದುರೇ ಮಾಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲರಿಗೂ ನೋಡಲು ಆಗುವುದಿಲ್ಲ, ಬಲವಂತ ಬೇಡ. ಆದರೆ ನೋಡಿದವರಿಗೆ ವರ್ಷಗಟ್ಟಲೆ ಕಾಡುವ ಅನುಮಾನ ಅಲ್ಲೇ ಕಡಿಮೆಯಾಗುತ್ತದೆ. ಹತ್ತು ನಿಮಿಷ ನಿಶ್ಚಲವಾಗಿರುವ ಎದೆಯನ್ನು ನೋಡಿದ ತಾಯಿಗೆ ವೆಂಟಿಲೇಟರ್ ಏನು ಮಾಡುತ್ತಿತ್ತು ಎಂದು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಅಮ್ಮನಿಗೆ ಆ ಅವಕಾಶ ಸಿಗಲಿಲ್ಲ ಅಂತ ಕಾಣುತ್ತದೆ. ಅದು ನನಗೆ ಬೇಸರದ ವಿಷಯ.

ಈಗ ಬೆರಳಿನ ವಿಷಯ. ಅದು ಏನೂ ಅಲ್ಲ ಎನ್ನುವುದು ಸರಿಯಾದ ಉತ್ತರವೇ ಅಲ್ಲ. ಬೆರಳು ಅಲುಗಿದ್ದು ನಿಜ, ನೀವು ಸುಮ್ನೆ ಕಲ್ಪಿಸಿಕೊಂಡಿಲ್ಲ. ಬಿಸಿ ಬಾಣಲೆಗೆ ಕೈ ತಾಗಿದರೆ ಉರಿ ಅನ್ನಿಸುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಆ ಕೆಲಸ ಮಾಡುವುದು ಬೆನ್ನುಹುರಿ, ಮಿದುಳಿಗೆ ಸುದ್ದಿ ಆಮೇಲೆ ಹೋಗುತ್ತದೆ. ಮಿದುಳಿಗೆ ರಕ್ತ ನಿಂತರೂ ಬೆನ್ನುಹುರಿಗೆ ಬೇರೆ ದಾರಿಯಿಂದ ರಕ್ತ ಹೋಗುತ್ತಿರುತ್ತದೆ. ಮೇಲಿನಿಂದ ಬರುತ್ತಿದ್ದ ಹಿಡಿತ ತಪ್ಪಿದ ಮೇಲೆ ಬೆನ್ನುಹುರಿ ತಾನೇ ಇಂಥ ಚಲನೆಗಳನ್ನು ಹುಟ್ಟಿಸುತ್ತದೆ. ಬೆರಳು ನಡುಗುವುದು, ಕಾಲ್ಬೆರಳು ಮಡಚುವುದು, ಹೊಟ್ಟೆಯ ಸ್ನಾಯು ಎಳೆಯುವುದು. ಅಪರೂಪಕ್ಕೆ ಎರಡೂ ತೋಳು ಮೇಲೆದ್ದು ಎದೆಯ ಮೇಲೆ ಬರುವುದೂ ಉಂಟು. ಅದನ್ನು ಕಂಡು ಬೆಚ್ಚಿ ಬಿದ್ದ ಕಿರಿಯ ಡಾಕ್ಟರುಗಳೂ ಇದ್ದಾರೆ. ಇಂಥದ್ದು ಆಗಬಹುದು ಎಂದು ಮೊದಲೇ ಹೇಳಿಟ್ಟಿದ್ದರೆ ನಿಮಗೆ ಈ ಸಂಕಟ ಇರುತ್ತಿರಲಿಲ್ಲ.

ಥಿಯೇಟರ್‌ನೊಳಗೆ ಏನು ನಡೆಯುತ್ತದೆ? ಅಲ್ಲಿ ಅರಿವಳಿಕೆ ತಜ್ಞರು ಕೊನೆಯವರೆಗೂ ಇರುತ್ತಾರೆ. ಬಿಪಿ, ಆಮ್ಲಜನಕ, ಮೈಯ ಬಿಸಿ, ಮೂತ್ರ, ಉಪ್ಪಿನ ಅಂಶ ಎಲ್ಲವನ್ನೂ ನೋಡುತ್ತಿರುತ್ತಾರೆ. ಮಿದುಳು ಹೋದ ಮೇಲೆ ಅನೇಕರಲ್ಲಿ ಮೂತ್ರ ಹಿಡಿದಿಡುವ ಹಾರ್ಮೋನ್ ಬರುವುದು ನಿಲ್ಲುತ್ತದೆ, ಐಸಿಯುವಿನಲ್ಲಿ ಮೂತ್ರದ ಚೀಲ ತುಂಬಿ ತುಂಬಿ ಹೋಗುತ್ತಿದ್ದುದನ್ನು ನೀವು ಗಮನಿಸಿರಬಹುದು. ಅದನ್ನು ಸರಿದೂಗಿಸದಿದ್ದರೆ ಅಂಗಗಳು ಹಾಳಾಗುತ್ತವೆ. ಹೃದಯ ನಿಧಾನವಾದರೆ ನಾವು ಸಾಮಾನ್ಯವಾಗಿ ಕೊಡುವ ಅಟ್ರೋಪಿನ್ ಇಲ್ಲಿ ನಾಟುವುದಿಲ್ಲ. ಆ ಔಷಧ ಕೆಲಸ ಮಾಡಬೇಕಾದರೆ ಮಿದುಳು ಕಾಂಡದಿಂದ ಹೃದಯಕ್ಕೆ ಹೋಗುವ ನರದಲ್ಲಿ ಆಜ್ಞೆ ಹರಿಯುತ್ತಿರಬೇಕು. ಅದು ಹರಿಯುತ್ತಿಲ್ಲ. ಹಾಗಾಗಿ ಬೇರೆ ಔಷಧ ಬಳಸುತ್ತೇವೆ.

ಇಷ್ಟೆಲ್ಲ ನೋಡುವವರು ಮಿದುಳಿನ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಇಇಜಿ ವೈರನ್ನು ತಲೆಗೆ ಹಾಕುವುದಿಲ್ಲ ಯಾಕೆ? ನಮ್ಮ ಕಾನೂನು ಅದನ್ನು ಕೇಳುವುದಿಲ್ಲ. ಬ್ರಿಟನ್ ಕೂಡ ಕೇಳುವುದಿಲ್ಲ. 1968ರಲ್ಲಿ ಹಾರ್ವರ್ಡ್ ಸಮಿತಿ ಮೊದಲ ಸಲ ಇಂಥ ಮಾನದಂಡ ಕೊಟ್ಟಾಗ, ಇಇಜಿ ಗೆರೆ ಚಪ್ಪಟೆಯಾಗಿರುವುದು ತೀರ್ಮಾನಕ್ಕೆ ಬಲ ಕೊಡುತ್ತದೆ ಎಂದಿತ್ತು. 1976ರಲ್ಲಿ ಬ್ರಿಟನ್ನಿನ ವೈದ್ಯ ಸಂಸ್ಥೆಗಳು ಮಿದುಳು ಕಾಂಡದ ಪರೀಕ್ಷೆಯೇ ತಳಹದಿ, ಇಇಜಿ ಬೇಕಾಗಿಲ್ಲ ಎಂದವು. ನಾವು ಹಿಡಿದಿರುವುದು ಆ ದಾರಿ. ಇಇಜಿಯನ್ನು ಈಗಲೂ ಮಾಡಿಸುವ ದೇಶಗಳಿವೆ, ಆದರೆ ಅಲ್ಲೂ ಅದು ಬರುವುದು ಸಾವನ್ನು ಖಚಿತಪಡಿಸುವ ಹಂತದಲ್ಲಿ, ಐಸಿಯುವಿನಲ್ಲಿ.

ಇಇಜಿ ಓದುವುದು ಮಿದುಳಿನ ಮೇಲ್ಪದರದ ವಿದ್ಯುತ್ತನ್ನು. ಕಾಂಡ ಇರುವುದು ಆಳದಲ್ಲಿ. ಮಹಡಿ ಮೇಲೆ ನಿಂತು ಕೆಳಮನೆಯ ಮಾತಿಗೆ ಕಿವಿ ಕೊಟ್ಟ ಹಾಗೆ ಅದು. ಜೊತೆಗೆ ಮತ್ತು ಬರಿಸುವ ಔಷಧ ಜಾಸ್ತಿಯಾದರೆ, ಮೈ ತೀರಾ ತಣ್ಣಗಾದರೆ, ಬದುಕಿರುವ ಮಿದುಳಿನ ಗೆರೆಯೂ ಚಪ್ಪಟೆಯಾಗುತ್ತದೆ. ಇನ್ನೊಂದು ಕಡೆ, ಈ ಪರೀಕ್ಷೆಯಲ್ಲಿ 2 ಮೈಕ್ರೋವೋಲ್ಟ್‌ನಷ್ಟು ಸಣ್ಣ ಅಲೆಯನ್ನೂ ಹುಡುಕಬೇಕು. ಪಂಪು, ವೆಂಟಿಲೇಟರ್, ಬಿಸಿಗಾಳಿಯ ಹೊದಿಕೆ, ಎಲ್ಲವೂ ಗೆರೆಯೊಳಗೆ ತಮ್ಮ ಗದ್ದಲ ಸೇರಿಸುತ್ತವೆ. ಥಿಯೇಟರ್‌ನಲ್ಲಿ ರಕ್ತ ನಿಲ್ಲಿಸುವ ಕಾಟರಿ ಒತ್ತಿದ ಕ್ಷಣ ಗೆರೆ ಹುಚ್ಚೆದ್ದು ಕುಣಿಯುತ್ತದೆ.

ಹಣೆಗೆ ಅಂಟಿಸುವ ಬಿಐಎಸ್ ಎಂಬ ಪಟ್ಟಿಯೂ ಇದೆ. ಮಾಮೂಲಿ ಆಪರೇಷನ್‌ನಲ್ಲಿ ರೋಗಿ ಎಷ್ಟು ಆಳದ ನಿದ್ದೆಯಲ್ಲಿದ್ದಾರೆ ಎಂದು ಅದು 0ಯಿಂದ 100ರವರೆಗಿನ ಅಂಕಿಯಲ್ಲಿ ತೋರಿಸುತ್ತದೆ. 40ರಿಂದ 60 ಇದ್ದರೆ ಅರಿವಳಿಕೆ ಸರಿಯಾಗಿದೆ ಎಂದರ್ಥ. ಬ್ರೈನ್ ಡೆಡ್ ಆದವರಲ್ಲಿ ಅದು 0 ಇರಬೇಕು ಅಲ್ವಾ? ಹೆಚ್ಚಿನ ಸಲ ಇರುತ್ತದೆ. ಆದರೆ ಹಣೆಯ ಸ್ನಾಯುವಿನ ಸಣ್ಣ ಸೆಳೆತ, ಹೃದಯದ ವಿದ್ಯುತ್ ಅಲೆ, ಬಿಸಿಗಾಳಿ ಯಂತ್ರ ಇವನ್ನೇ ಮಿದುಳು ಎಂದು ತಿಳಿದು 30, 40 ಎಂದು ತೋರಿಸುವುದೂ ಉಂಟು. ಸ್ನಾಯು ಸಡಿಲಿಸುವ ಔಷಧ ಕೊಟ್ಟ ಸ್ವಲ್ಪ ಹೊತ್ತಿಗೆ, ಅಥವಾ ಬಿಸಿಗಾಳಿ ನಿಲ್ಲಿಸಿದ ಕೂಡಲೇ ಅಂಕಿ 0ಗೆ ಇಳಿಯುತ್ತದೆ. ಅದು ಮಿದುಳಿನದ್ದಾಗಿದ್ದರೆ ಸ್ನಾಯು ಸಡಿಲಿಸುವ ಔಷಧಕ್ಕೆ ಇಳಿಯಬಾರದಿತ್ತು. ಇಂಥ ಯಂತ್ರವನ್ನು ಆ ಹೊತ್ತಿನಲ್ಲಿ ಹಚ್ಚಿದರೆ ಸತ್ಯ ಸಿಗುವುದಿಲ್ಲ, ಗಾಬರಿ ಸಿಗುತ್ತದೆ. ಇನ್ನೂ ಒಂದು ಮಾತು. ಸಾವಿನ ಬಗ್ಗೆ ಅನುಮಾನ ಇದ್ದರೆ ರೋಗಿಯನ್ನು ಥಿಯೇಟರ್‌ಗೆ ತರಲೇಬಾರದು. ಹೊಟ್ಟೆ ಕೊಯ್ದ ಮೇಲೆ ಯಂತ್ರ ನೋಡಿ ತೀರ್ಮಾನಿಸುವ ವಿಷಯ ಇದಲ್ಲ.

ಹಾಗಂತ ಹೆಚ್ಚುವರಿ ಪರೀಕ್ಷೆಗಳಿಗೆ ಜಾಗವೇ ಇಲ್ಲ ಎಂದಲ್ಲ. ಮುಖಕ್ಕೆ ಭಾರಿ ಪೆಟ್ಟಾಗಿ ಕಣ್ಣು ತೆರೆಯಲಾಗದಿದ್ದರೆ, ಶ್ವಾಸಕೋಶ ಕೆಟ್ಟು ಅಪ್ನಿಯಾ ಟೆಸ್ಟ್ ಮುಗಿಸಲಾಗದಿದ್ದರೆ, ಔಷಧ ಇಳಿದಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಬೇರೆ ದಾರಿ ಬೇಕು. ನನಗೆ ಅತಿ ಎಚ್ಚರ ಅನ್ನಿಸುವುದು ಪೆಟ್ಟು ಅಥವಾ ರಕ್ತಸ್ರಾವ ನೇರವಾಗಿ ಮಿದುಳು ಕಾಂಡದಲ್ಲೇ ಶುರುವಾದ ರೋಗಿಗಳಲ್ಲಿ. ಅವರಲ್ಲಿ ಮೇಲಿನ ಮಿದುಳಿಗೆ ಇನ್ನೂ ರಕ್ತ ಹೋಗುತ್ತಿರಬಹುದು, ಇಇಜಿಯಲ್ಲಿ ಅಲೆ ಕಾಣಬಹುದು. ಕಾನೂನಿನ ಅಕ್ಷರ ನೋಡಿದರೆ ಕಾಂಡ ಸತ್ತರೆ ಸಾಕು. ಆದರೂ ಅಂಥ ಕಡೆ ಮಿದುಳಿಗೆ ರಕ್ತ ಹೋಗುತ್ತಿದೆಯೇ ಎಂದು ಸ್ಕ್ಯಾನ್ ಮಾಡಿಸಿ, ಇಲ್ಲವೇ ಇನ್ನೂ ಕಾಯಿರಿ ಎನ್ನುವವನು ನಾನು. ಇಇಜಿಗಿಂತ ರಕ್ತ ಹರಿವಿನ ಪರೀಕ್ಷೆಯ ಮೇಲೆ ನನಗೆ ನಂಬಿಕೆ ಜಾಸ್ತಿ. ನಿಮ್ಮ ತಮ್ಮನದು ಹೊರಗಿನ ಪೆಟ್ಟು ಬಿದ್ದು ಮಿದುಳು ಊದಿದ ಕೇಸು. ಇಂಥ ಪೆಟ್ಟಿನಲ್ಲಿ ಸಾಮಾನ್ಯವಾಗಿ ಕಾಂಡ ಹೋಗುವುದು ಕೊನೆಗೆ, ಮೇಲಿನ ಮಿದುಳು ಅಷ್ಟು ಹೊತ್ತಿಗೆ ಹೋಗಿರುತ್ತದೆ.

ಅರಿವಳಿಕೆ ಕೊಟ್ಟರಾ ಎಂದು ಕೇಳಿದ್ದೀರಿ. ಸ್ನಾಯು ಸಡಿಲಿಸುವ ಔಷಧ ಸಾಮಾನ್ಯವಾಗಿ ಕೊಡುತ್ತಾರೆ, ನಿಮಗೆ ಕಂಡ ಆ ಬೆರಳಿನ ಥರದ ಚಲನೆಗಳು ಆಪರೇಷನ್‌ಗೆ ಅಡ್ಡ ಬರಬಾರದೆಂದು. ಕೊಯ್ದಾಗ ಬಿಪಿ, ನಾಡಿ ಏರುವುದುಂಟು. ಅದೂ ಬೆನ್ನುಹುರಿ ಮತ್ತು ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯ ಕೆಲಸ. ಏರಿದ ಬಿಪಿಯನ್ನು ತಗ್ಗಿಸಲು ಕೆಲವರು ಅರಿವಳಿಕೆ ಅನಿಲವನ್ನೇ ಸ್ವಲ್ಪ ಕೊಡುತ್ತಾರೆ, ಕೆಲವರು ಬೇರೆ ಔಷಧ ಬಳಸುತ್ತಾರೆ. 2000ದಲ್ಲಿ ಬ್ರಿಟನ್ನಿನ ಅರಿವಳಿಕೆ ತಜ್ಞರ ನಡುವೆ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಕೊಟ್ಟರೆ ಜನ ತಪ್ಪು ತಿಳಿಯುತ್ತಾರೆ ಎಂದು ಕೆಲವರು, ಕೊಡುವುದರಿಂದ ನಷ್ಟವೇನು ಎಂದು ಕೆಲವರು. ನಾನು ಎರಡನೇ ಗುಂಪಿನವನು. ಸತ್ತವರಿಗೆ ಅದು ಬೇಕಿಲ್ಲ ಎಂದು ನನಗೆ ಖಾತ್ರಿ ಇದೆ. ಆದರೆ ಅದರಿಂದ ಬಿಪಿ ಹತೋಟಿಗೆ ಬರುತ್ತದೆ, ಮನೆಯವರು ಮುಂದೆ ಕೇಳಿದಾಗ ಕೊಟ್ಟಿದ್ದೇವೆ ಎಂದು ಹೇಳಲೂ ಆಗುತ್ತದೆ. ನಿಮ್ಮ ತಮ್ಮನಿಗೆ ಏನು ಕೊಟ್ಟರು ಎಂಬುದು ಅರಿವಳಿಕೆ ಚಾರ್ಟ್‌ನಲ್ಲಿ ನಿಮಿಷ ನಿಮಿಷಕ್ಕೂ ಬರೆದಿರುತ್ತದೆ.

ಇನ್ನು ನಿಮ್ಮ ಸಂಬಂಧಿಕರು ಕೇಳಿದ್ದು. ಬಹುಶಃ ಅದು ಹೃದಯ ನಿಂತ ಮೇಲೆ ಮಾಡುವ ದಾನದ ವಿಷಯ. ಮಿದುಳು ಕಾಂಡ ಪೂರ್ತಿ ಸತ್ತಿಲ್ಲ, ಆದರೆ ಗುಣವಾಗುವ ಆಸೆಯೂ ಇಲ್ಲ ಎನ್ನುವ ರೋಗಿಯ ವೆಂಟಿಲೇಟರ್ ತೆಗೆಯುತ್ತಾರೆ. ಹೃದಯ ನಿಂತ ಮೇಲೆ ಸಾಮಾನ್ಯವಾಗಿ 5 ನಿಮಿಷ ಯಾರೂ ಮುಟ್ಟದೆ ಕಾದು, ಸಾವನ್ನು ಘೋಷಿಸಿ, ಆಮೇಲೆ ಅಂಗ ತೆಗೆಯುತ್ತಾರೆ. ಈ 5 ನಿಮಿಷಕ್ಕೆ ಆಧಾರ ಇದೆ. 2021ರಲ್ಲಿ ಪ್ರಕಟವಾದ, ಕೆನಡಾದವರ ಮುಂದಾಳತ್ವದ ಅಧ್ಯಯನದಲ್ಲಿ 631 ರೋಗಿಗಳನ್ನು ನೋಡಿದರು. ದಾಖಲೆ ಸರಿಯಾಗಿ ಸಿಕ್ಕಿದ 480 ಜನರಲ್ಲಿ ಶೇ 14ರಷ್ಟು ಮಂದಿಯಲ್ಲಿ ನಿಂತ ಹೃದಯ ಮತ್ತೆ ಸ್ವಲ್ಪ ಮಿಡಿದಿತ್ತು. ಆದರೆ ಅತಿ ತಡವಾಗಿ ಮಿಡಿದದ್ದು ನಿಂತ 4 ನಿಮಿಷ 20 ಸೆಕೆಂಡಿಗೆ. ಅದರಾಚೆಗೆ ಯಾರಲ್ಲೂ ಇಲ್ಲ.

ಮಿದುಳಿನ ಪ್ರಶ್ನೆ ಎದ್ದಿರುವುದು ಇದರ ಹೊಸ ರೂಪದಲ್ಲಿ. ಹೃದಯ ನಿಂತ ಮೇಲೆ, ಅಂಗಗಳು ಕೆಡದಿರಲಿ ಎಂದು ಯಂತ್ರದ ಮೂಲಕ ದೇಹದೊಳಗೆ ಮತ್ತೆ ಬೆಚ್ಚಗಿನ ರಕ್ತ ಹರಿಸುತ್ತಾರೆ. ತಲೆಗೆ ಹೋಗುವ ರಕ್ತನಾಳಗಳನ್ನು ಮೊದಲೇ ಕಟ್ಟಿಹಾಕುತ್ತಾರೆ. ಕಟ್ಟಿದ ಮೇಲೂ ಸಣ್ಣ ಒಳದಾರಿಗಳಿಂದ ಮಿದುಳಿಗೆ ರಕ್ತ ನುಸುಳಿದರೆ? ಇದು ತಲೆಬುಡವಿಲ್ಲದ ಭಯ ಅಲ್ಲ, ನ್ಯಾಯವಾದ ಪ್ರಶ್ನೆ. 2021ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಈ ವಿಧಾನವನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಹೇಳಿತು. ಅದಕ್ಕೇ ಅಲ್ಲಿ ಅಂಗ ತೆಗೆಯುವ ಹೊತ್ತಿನಲ್ಲಿ ಮಿದುಳಿನ ವಿದ್ಯುತ್ತು, ರಕ್ತ ಹರಿವು ಎರಡನ್ನೂ ಅಳೆಯುವ ಪ್ರಯತ್ನಗಳು ನಡೆದಿವೆ. ನಡೆಯಲೇಬೇಕು. ನಮ್ಮ ಕಡೆಗೆ ಆ ವಿಧಾನ ಬರುವುದಾದರೆ, ಮಿದುಳಿಗೆ ರಕ್ತ ಹೋಗುತ್ತಿಲ್ಲ ಎಂದು ಪ್ರತಿ ದಾನಿಯಲ್ಲೂ ಅಳೆದು ತೋರಿಸುವ ಏರ್ಪಾಡು ಮೊದಲು ಬರಬೇಕು. ಆದರೆ ನಿಮ್ಮ ತಮ್ಮನ ದಾನ ಇದಲ್ಲ. ಭಾರತದಲ್ಲಿ ಮರಣದ ನಂತರದ ಕಿಡ್ನಿ, ಲಿವರ್, ಹೃದಯ ದಾನಗಳಲ್ಲಿ ಬಹುಪಾಲು ಬ್ರೈನ್ ಡೆಡ್ ಆದವರಿಂದಲೇ.

ಸಾಯುವ ಹೊತ್ತಿನಲ್ಲಿ ಮಿದುಳು ಮಿಂಚುತ್ತದೆ ಎಂಬ ಸುದ್ದಿಯೂ ವಾಟ್ಸಾಪ್‌ನಲ್ಲಿ ನಿಮ್ಮ ಮನೆಗೆ ಬಂದಿರಬಹುದು. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ವೆಂಟಿಲೇಟರ್ ತೆಗೆದ ನಾಲ್ವರ ಇಇಜಿ ನೋಡಿದಾಗ, ಇಬ್ಬರಲ್ಲಿ ವೇಗದ ಅಲೆಗಳು ಕಂಡವು. ಅವರ ಹೃದಯ ಬಡಿಯುತ್ತಿತ್ತು, ಮಿದುಳಿಗೆ ರಕ್ತ ಹೋಗುತ್ತಿತ್ತು. ರಕ್ತ ನಿಂತು ಗಂಟೆಗಟ್ಟಲೆ ಆದ ಮಿದುಳಿಗೆ ಅದನ್ನು ಹೊಂದಿಸಲು ಬರುವುದಿಲ್ಲ.

ಆತುರಪಟ್ಟೆವಾ ಎಂದು ಕೇಳಿದ್ದೀರಿ. ನಾನು ಫೈಲ್ ನೋಡಿಲ್ಲ, ನೀವು ನೋಡಬಹುದು. ಆಸ್ಪತ್ರೆಗೆ ಬರಹದಲ್ಲಿ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು ಎಂದು ವೈದ್ಯರ ನಡತೆಯ ನಿಯಮದಲ್ಲೇ ಇದೆ. ಮುಖ್ಯವಾಗಿ ಮೂರು ಕಾಗದ ಕೇಳಿ: ನಾಲ್ವರ ಸಹಿ ಇರುವ ನಮೂನೆ 10, ಎರಡು ಅಪ್ನಿಯಾ ಟೆಸ್ಟ್‌ಗಳ ರಕ್ತದ ವರದಿ, ಥಿಯೇಟರ್‌ನ ಅರಿವಳಿಕೆ ಚಾರ್ಟ್. ನಮೂನೆಯಲ್ಲಿ ಎರಡೂ ಪರೀಕ್ಷೆಯ ಸಮಯ ನೋಡಿ, 6 ಗಂಟೆ ಅಂತರ ಇದೆಯೇ ಎಂದು. ರಕ್ತದ ವರದಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಕ್ಕೆ ಏರಿತ್ತು ಎಂದು. ಐಸಿಯು ಚಾರ್ಟ್ ಕೂಡ ಸಿಕ್ಕರೆ, ಮತ್ತು ಬರಿಸುವ ಔಷಧ ಯಾವಾಗ ನಿಲ್ಲಿಸಿದರು ಎಂದೂ ಗೊತ್ತಾಗುತ್ತದೆ. ಓದಲು ಕಷ್ಟವಾದರೆ ಆ ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಅಥವಾ ಐಸಿಯು ತಜ್ಞರ ಹತ್ತಿರ ಸಮಯ ಕೇಳಿ, ಅಮ್ಮನನ್ನೂ ಕರೆದುಕೊಂಡು ಹೋಗಿ. ದಾನ ಆಗಿ ತಿಂಗಳುಗಳಾದವು ಎಂದು ಹಿಂಜರಿಯಬೇಡಿ. ಆಸ್ಪತ್ರೆಯಲ್ಲಿ ಸರಿಯಾದ ಉತ್ತರ ಸಿಗದಿದ್ದರೆ, ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆಯ ಕಚೇರಿ ಬೆಂಗಳೂರಿನಲ್ಲೇ ಇದೆ, ಅಲ್ಲಿ ಕೇಳಿ. ಕಾಗದಗಳು ಕೈಗೆ ಬಂದ ಮೇಲೂ ಯಾವುದಾದರೂ ಸಾಲು ಅರ್ಥವಾಗದಿದ್ದರೆ, ಹೆಸರು ವಿಳಾಸ ಮುಚ್ಚಿ ನನಗೆ ಬರೆದು ಕಳಿಸಿ, ಓದಿ ಹೇಳುತ್ತೇನೆ.